ಎಡಭುಜದ ಗೆರೆ

ಕಾರು ಫುಟ್‌ಪಾತ್ ಹತ್ತಿ ದಾರಿಹೋಕನೊಬ್ಬನ ಎರಡೂ ಕಾಲು ಮುರಿದಿತ್ತು. ಓಡಿಸಿದ್ದು ತಾನಲ್ಲ, ಪಕ್ಕದಲ್ಲಿದ್ದ ತನ್ನ ಆಫೀಸಿನ ಹುಡುಗಿ ಎಂದು ಕಾರಿನ ಯಜಮಾನ ಪೊಲೀಸರೆದುರು ಕೈತೊಳೆದುಕೊಂಡಿದ್ದ. ಅಂದಿನಿಂದ ಆ ಹುಡುಗಿಯ ಅಮ್ಮ ಸರಿಯಾಗಿ ಊಟ ಮಾಡಿರಲಿಲ್ಲ.

ಪಾತ್ರೆ ತೊಳೆಯುತ್ತಿದ್ದಾಗ ಮಗಳ ಪರ ವಕೀಲೆಯ ಫೋನ್ ಬಂತು.

"ಅಮ್ಮಾ, ಸೀಟ್‌ಬೆಲ್ಟ್ ಒತ್ತಿ ಮಗಳಿಗೆ ಕಂದಿದ್ದು ಯಾವ ಭುಜ?"

"ಎಡಗಡೇದು."

"ಹಾಗಾದ್ರೆ ಬದುಕಿದ್ವಿ. ಓಡಿಸೋರಿಗೆ ಬೆಲ್ಟು ಬಲಭುಜದ ಮೇಲೆ ಬರುತ್ತೆ, ಪಕ್ಕದಲ್ಲಿ ಕೂತೋರಿಗೆ ಎಡಭುಜದ ಮೇಲೆ. ಆಸ್ಪತ್ರೆಯವರು ಬರೀ ತಲೆಪೆಟ್ಟು ಬರೆದಿದ್ದಾರೆ. ನಿಮ್ಮ ಹತ್ರ ಫೋಟೋ ಇದೆ ತಾನೆ?"

ಅಮ್ಮ ನಲ್ಲಿ ನಿಲ್ಲಿಸಿದಳು. ಫೋಟೋ ಎಲ್ಲಿಂದ ಬರಬೇಕು? ಕಲೆ ಬೇಗ ಹೋಗಲೆಂದು ಅವಳೇ ಹೊತ್ತುಹೊತ್ತಿಗೆ ಮುಲಾಮು ತಿಕ್ಕಿದ್ದಳು.

ಒದ್ದೆ ಕೈಯಲ್ಲೇ ಓಡಿ ಮಗಳ ಅಂಗಿ ಸರಿಸಿದಳು. ಏನೂ ಕಾಣಲಿಲ್ಲ. ಕಿಟಕಿಯ ಬಳಿ ಎಳೆದುಕೊಂಡು ಹೋದಾಗ ಹಳದಿಯ ಮಾಸಲು ಗೆರೆಯೊಂದು ತೋರಿತು.

"ಏನಮ್ಮಾ, ಬಟ್ಟೆ ಅಂಗಡಿಗೆ ಬಂದ ಹಾಗೆ ತಿರುಗಿಸಿ ತಿರುಗಿಸಿ ನೋಡ್ತಿದ್ದೀಯಲ್ಲ."

"ಅಲ್ಲಾಡ್ಬೇಡ ಪುಟ್ಟಿ."

ಅಮ್ಮ ತೆಗೆದು ಕಳಿಸಿದ ಫೋಟೋ ನೋಡಿ ವಕೀಲೆ, "ತೀರಾ ಮಸುಕು. ಡಾಕ್ಟರೇ ಕಣ್ಣಾರೆ ನೋಡಿ ಬರೀಬೇಕು, ಈಗ್ಲೇ ಹೊರಡಿ" ಎಂದಳು.

ಮಗಳ ಕಾಲಿಗೆ ಚಪ್ಪಲಿ ತೊಡಿಸುತ್ತ, ಇನ್ನೊಂದಿಷ್ಟು ಹೊತ್ತು ಈ ಗಾಯ ಮಾಯದಿರಲಿ ಎಂದು ಹೆತ್ತವಳು ಬೇಡಿಕೊಂಡಳು.