ಮೊಣಕೈ ಸುತ್ತು

ಹಣ್ಣಾದ ರೇಷ್ಮೆಹುಳುಗಳನ್ನು ತಟ್ಟೆಯಿಂದ ಆಯ್ದು, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಮಾಯಮ್ಮನಿಗೆ ತಲೆಯೆತ್ತಲು ಪುರುಸೊತ್ತಿರಲಿಲ್ಲ. ಇನ್ನೂ ನಾಲ್ಕು ತಟ್ಟೆ ಉಳಿದಿದ್ದವು. ಸ್ಕೂಲಿನಿಂದ ಬಂದ ಮಗಳು ಸಿರಿ ಚೀಲವನ್ನು ಹುಳುಮನೆಯ ಬಾಗಿಲಲ್ಲೇ ಎಸೆದಳು.

"ಅವ್ವ, ಇಲ್ನೋಡು. ಖೋಖೋದಲ್ಲಿ ಮಿಸ್ಸು ಹೊಸ ಸುತ್ತು ಹೇಳ್ಕೊಟ್ರು. ಬಿಡದಿ ಸುತ್ತು ಅಂತ. ಅಲ್ಲಿ ಫ್ಯಾಕ್ಟ್ರಿ ಟೀಮ್‌ನೋರು ಕಂಡುಹಿಡಿದ್ರಂತೆ."

ಅಂಗಳದ ಚಪ್ಪರದ ಕಂಬದತ್ತ ಓಡಿದವಳು ಅದನ್ನು ಕೈಯಲ್ಲಿ ಹಿಡಿಯದೆ, ಮೊಣಕೈ ಮಡಿಕೆಗೆ ಸಿಕ್ಕಿಸಿ, ಇಡೀ ಮೈಯನ್ನು ಆಚೆಗೆ ಬೀಸಿದಳು. ಕಂಬದ ಹಿಂದೆ ನುಸುಳುವ ಓಟಗಾರ್ತಿಯನ್ನು ಮುಟ್ಟಲು ಹಾಗೆ ಇನ್ನೊಂದು ಮೊಳ ಸಿಗುತ್ತದೆ.

ಮಾಯಮ್ಮನ ಕೈ ನಿಂತಿತು. ಇಪ್ಪತ್ತು ವರ್ಷದ ಹಿಂದೆ ಸಾತನೂರು ಹೈಸ್ಕೂಲಿನ ಮೈದಾನದಲ್ಲಿ ಅವಳು ಅದನ್ನು ಮಾಡಿದ್ದಳು. ಹೇಳಿಕೊಟ್ಟವರು ಯಾರೂ ಇರಲಿಲ್ಲ. ಹಿಪ್ಪುನೇರಳೆ ಕುಯ್ದು ಅಂಗೈ ಬೊಬ್ಬೆ ಎದ್ದಿತ್ತು. ಕಂಬ ಹಿಡಿಯಲಾಗದೆ ತೋಳು ಸಿಕ್ಕಿಸಿದ್ದಳು, ಅಷ್ಟೆ. ಆ ವರ್ಷ ಚನ್ನಪಟ್ಟಣದವರೂ ಮಾಗಡಿಯವರೂ ಸೋತು, ಅದನ್ನು ನೋಡಿಕೊಂಡು ಹೋದರು. ಮರುವರ್ಷ ಅವಳಿಗೆ ಮದುವೆಯಾಯಿತು.

"ಅದು ನಂದು ಕಣೆ."

"ಯಾವ್ದವ್ವ?"

"ಆ ಸುತ್ತು. ಮೊದ್ಲು ಮಾಡಿದ್ದು ನಾನೇಯ."

ಸಿರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಖಾಲಿ ಚಂದ್ರಿಕೆ ಹೊತ್ತು ತಂದ ಗಂಡ ನಟರಾಜುವೂ ಸೇರಿಕೊಂಡ. "ಊಂ ಕಣ್ ಮಗ, ರೈಲು ಕಂಡುಹಿಡಿದೋಳೂ ನಿಮ್ಮವ್ವನೇಯ. ಒಸಿ ಬೇಗ್ನೆ ಕೈ ಆಡ್ಸಮ್ಮಿ, ಹುಳ ತಟ್ಟೇಲೇ ಗೂಡು ಕಟ್ಬುಟ್ಟಾವು."

ಅವಳೂ ನಕ್ಕಳು. ನಗದಿದ್ದರೆ ಇಬ್ಬರೂ ಗಾಬರಿಯಾಗುತ್ತಿದ್ದರು.

ಫೋಟೋ ಇಲ್ಲ. ಸರ್ಟಿಫಿಕೇಟಿನಲ್ಲಿ ಇದ್ದದ್ದು ಸ್ಕೂಲಿನ ಹೆಸರು. ಕಣ್ಣಾರೆ ಕಂಡವರಲ್ಲಿ ಎಲ್ಲಿದ್ದಾಳೆಂದು ಗೊತ್ತಿರುವವಳು, ಆಟದಲ್ಲಿ ಪಕ್ಕದ ಚೌಕದಲ್ಲಿ ಕೂರುತ್ತಿದ್ದ ಗೆಳತಿ ಬಿಸ್ಮಿಲ್ಲಾ ಒಬ್ಬಳೇ. ಅವಳು ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವವರ ಮನೆಗೆ ಸೊಸೆಯಾಗಿ ಹೋಗಿ, ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿದ್ದಾಳೆಂದು ಯಾರೋ ಹೇಳಿದ್ದರು. ಮಾಯಮ್ಮ ಒಮ್ಮೆಯೂ ಹುಡುಕಿಕೊಂಡು ಹೋಗಿರಲಿಲ್ಲ. ಗೂಡು ಮಾರಲು ಹೋಗುವವನು ಯಾವಾಗಲೂ ನಟರಾಜು.

ಅಂಗಳದಲ್ಲಿ ಸಿರಿ ಮತ್ತೆ ಮತ್ತೆ ಬೀಸುತ್ತಿದ್ದಳು. ಚೆನ್ನಾಗಿಯೇ ಬರುತ್ತಿತ್ತು. ಅದಕ್ಕೆ ಬಿಡದಿ ಎಂದೇ ಹೆಸರಿರಲಿ. ಆದರೆ ಬಿಸ್ಮಿಲ್ಲಾಳ ಬಾಯಿಂದ, "ಅದು ನಿಂದಲ್ವಾ ಮಾಯಾ" ಎಂದು ಒಂದು ಸಲ ಕೇಳಿಸಿಕೊಳ್ಳಬೇಕು.

ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಈ ಸಲ ಮಾರ್ಕೆಟ್ಟಿಗೆ ತಾನೂ ಹೋಗುವುದೆಂದುಕೊಂಡಳು. ನಟರಾಜು ಯಾಕೆಂದು ಕೇಳಿದರೆ ಹಲ್ಲುನೋವು, ಡಾಕ್ಟರಿಗೆ ತೋರಿಸಬೇಕು ಎಂದರಾಯಿತು.