ಓದಿಸಿ ಕೇಳಿ

ನಮ್ಮ ತಂದೆ ಆಸ್ತಿಪತ್ರಗಳ ಬರಹಗಾರರು. ಮುಂಗೋಣೆಯ ಮೇಜಿನ ಮೇಲೆ ಮಸಿಕುಡಿಕೆ, ಛಾಪಾ ಕಾಗದ, ಹಳೆಯ ಪತ್ರಗಳ ಪದಗಳಿಗೆ ಅರ್ಥ ಬರೆದಿಟ್ಟ ಒಂದು ಕರಿ ರಟ್ಟಿನ ಪುಸ್ತಕ. ಊಟಕ್ಕೆ ಕರೆಯುವವರೆಗೂ ನಮ್ಮಿಬ್ಬರನ್ನು ಕೂರಿಸಿಕೊಂಡು ಪದಗಳನ್ನು ಕೇಳುತ್ತಿದ್ದರು. ಯಾವಜ್ಜೀವವೆಂದರೇನು? ನಾನು ತಲೆ ಕೆರೆದುಕೊಳ್ಳುವಷ್ಟರಲ್ಲಿ, ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿ, ಉಸಿರಿರುವ ತನಕ ಎಂದು ಹೇಳಿ ಮುಗಿಸುತ್ತಿದ್ದಳು. ತಂದೆ ಅವಳನ್ನು ಮರಿಲಾಯರು ಎಂದು ಕರೆದು ನಗುತ್ತಿದ್ದರು. ಆ ನಗು ನನ್ನ ಪಾಲಿಗೆ ಬರಲಿಲ್ಲ. ದೇವರ ಮುಂದೆ ನಿಂತಾಗಲೂ ನಾನು ಬೇಡುತ್ತಿದ್ದುದು ಒಂದೇ: ಅವಳು ಒಮ್ಮೆ ತಪ್ಪಲಿ.

ಸಾಯುವಾಗ ತಂದೆ ಮೇಜನ್ನು ನನಗೂ ಪುಸ್ತಕವನ್ನು ಅವಳಿಗೂ ಕೊಟ್ಟರು. ಮನೆ ಇಬ್ಬರದೂ ಎಂದರು.

ನಮ್ಮವರಲ್ಲಿ ಒಂದು ಪದ್ಧತಿ. ಹಿರಿಯರು ತೋರಿಸಿದ ಕಡೆ ಹೆಂಗಸರು ರುಜು ಹಾಕಬೇಕು, ಓದಬಾರದು. ಓದಿದರೆ ಹಿರಿಯರನ್ನು ನಂಬಲಿಲ್ಲವೆಂದು ಅರ್ಥ. ನಮ್ಮ ಮನೆಯ ಹೆಣ್ಣುಮಕ್ಕಳು ಒಂದು ಕಾಗದವನ್ನೂ ತಿರುವಿ ನೋಡಿದವರಲ್ಲ ಎಂದು ದೊಡ್ಡಪ್ಪ ಹೆಮ್ಮೆಪಡುತ್ತಿದ್ದರು.

ತಂಗಿ ಆಗಲೇ ಮದುವೆಯಾಗಿ ಹೋಗಿದ್ದಳು. ನಾನು ಹಕ್ಕು ಖುಲಾಸೆ ಪತ್ರ ಬರೆದೆ: ಮನೆಯಲ್ಲಿ ಅವಳ ಪಾಲನ್ನು ನನಗೆ ಬಿಟ್ಟುಕೊಟ್ಟಂತೆ. ಕರೆಸಿದಾಗ ಅವಳು ಕಾಗದವನ್ನು ತನ್ನ ಕಡೆ ತಿರುಗಿಸಿಕೊಳ್ಳಲು ಕೈಚಾಚಿದಳು.

“ಏನೇ ಮರಿಲಾಯರು, ನಮ್ಮನ್ನೂ ಕೋರ್ಟಿಗೆ ಎಳೀತೀಯಾ?” ಎಂದರು ದೊಡ್ಡಪ್ಪ.

ನಾನು ಬರಹದ ಮೇಲೆ ಅಂಗೈ ಇಟ್ಟೆ. “ಖಾತೆ ಬದಲಾಯಿಸೋಕೆ ಅಷ್ಟೇ ಕಣೇ. ಅಣ್ಣನ ಮೇಲೆ ನಂಬಿಕೆ ಇಲ್ವಾ?”

ಅವಳು ನನ್ನ ಮುಖ ನೋಡಿದಳು, ರುಜು ಹಾಕಿದಳು. ಕೊನೆಗೂ ಅವಳಿಗೆ ಅರ್ಥ ತಿಳಿಯದ ಒಂದು ಪತ್ರವಿದೆಯೆಂದು ನನಗೆ ಸಂತೋಷವಾಯಿತು.

ಒಂಬತ್ತು ವರ್ಷದ ಮೇಲೆ ಅವಳ ಗಂಡ ತೀರಿಹೋದ. ಗಂಡನ ಮನೆಯವರು ಜಾಗವಿಲ್ಲವೆಂದರಂತೆ. ಮಗಳ ಕೈ ಹಿಡಿದು ಬಂದು, ಹಿಂದಿನ ಕೋಣೆ ಸಾಕು ಎಂದಳು. ನನ್ನ ಹೆಂಡತಿ ಪತ್ರ ತಂದು ಮುಂದೆ ಹಿಡಿದಳು. ತಂಗಿ ನಿಂತೇ ಓದಿದಳು. ಒಂದು ಪದಕ್ಕೂ ಅರ್ಥ ಕೇಳಲಿಲ್ಲ. ಪ್ರತಿ ಪತ್ರದ ಕೊನೆಗೂ ನಾವು ಬರೆಯುವ ಸಾಲಿನ ಮೇಲೆ ಬೆರಳಿಟ್ಟಳು: ಓದಿಸಿ ಕೇಳಿ, ಒಪ್ಪಿ, ಸ್ವಸಂತೋಷದಿಂದ ರುಜು ಹಾಕಿರುತ್ತೇನೆ.

“ಯಾರು ಓದಿದ್ರಣ್ಣ?”

ನಾನು ಪತ್ರ ಮಡಿಸಿ ಒಳಗಿಟ್ಟೆ; ಅವಳು ಮಗಳ ಕೈ ಹಿಡಿದು ಹೊರಟುಹೋದಳು. ಅವಳು ಹೊಲಿಗೆ ಅಂಗಡಿಯ ಹಿಂದಿನ ತೇವದ ಕೋಣೆಯಲ್ಲಿ ಗುಂಡಿ ಹಚ್ಚುತ್ತ, ಕೆಮ್ಮುತ್ತ, ಎರಡನೆಯ ಚಳಿಗಾಲ ದಾಟಲಿಲ್ಲ. ಸುದ್ದಿ ಬಂದಾಗ ನಾನು ಪೂಜೆಯಲ್ಲಿದ್ದೆ. ಕೈ ಮುಗಿಯಹೋದರೆ ಕಂಡದ್ದು ಅದೇ ಅಂಗೈ.

ಓದುಗರೇ, ಆ ಸಾಲನ್ನು ನಾನು ಎಷ್ಟು ಹೆಂಗಸರ ಹೆಸರಿನಲ್ಲಿ ಬರೆದಿದ್ದೇನೋ ದೇವರಿಗೇ ಗೊತ್ತು.

ಈಗ ಅವಳ ಮಗಳು ಪ್ರಾಯಕ್ಕೆ ಬಂದಿದ್ದಾಳೆ. ಅವಳ ಅಪ್ಪನ ಪಾಲನ್ನು ತನ್ನ ಹೆಸರಿಗೆ ಬಿಡಿಸಿಕೊಳ್ಳಲು ಚಿಕ್ಕಪ್ಪ ಮೊನ್ನೆ ಪತ್ರ ಬರೆಸಿ, ಅವಳನ್ನೂ ಕರೆದುಕೊಂಡು ನನ್ನಲ್ಲಿಗೆ ಬಂದ. ಸೋದರಮಾವನ ಸಾಕ್ಷಿಯಿದ್ದರೆ ಭದ್ರವಂತೆ. ಮನೆಯವರ ಕಾಗದ, ಓದುವುದೇನಿದೆ ಎಂದು ಪೆನ್ನು ಅವಳ ಕೈಗಿಟ್ಟ. ನಾನು ಸಾಕ್ಷಿ ಹಾಕುವುದಿಲ್ಲವೆಂದೆ. ಕಾಗದವನ್ನು ಅವಳ ಕಡೆ ತಿರುಗಿಸಿ, ಓದಿ ಅರ್ಥ ಹೇಳಲು ಕನ್ನಡಕ ಹಾಕಿಕೊಂಡೆ.

“ನೀವು ಬೇಡ ಮಾವ,” ಎಂದಳು. “ನಾನೇ ಓದ್ತೀನಿ.”

ಚೀಲದಿಂದ ಕರಿ ರಟ್ಟಿನ ಪುಸ್ತಕ ತೆಗೆದು ಪಕ್ಕಕ್ಕಿಟ್ಟುಕೊಂಡಳು. ಗಟ್ಟಿಯಾಗಿ ಓದತೊಡಗಿದಳು. ಖುಲಾಸೆ ಎಂಬ ಪದಕ್ಕೆ ಬಂದಾಗ ಪುಸ್ತಕ ತೆರೆಯಲೇ ಇಲ್ಲ. ಪೆನ್ನಿನ ಮುಚ್ಚಳ ಹಾಕಿ ಚಿಕ್ಕಪ್ಪನ ಕೈಗೆ ಕೊಟ್ಟಳು.