ಅತ್ತೆಯ ಮಾತ್ರೆ ನಿಂತ ಮೇಲೆ

ನಮ್ಮ ಅತ್ತೆ ದ್ರಾಕ್ಷಾಯಣಮ್ಮನವರಿಗೆ ಎಂಬತ್ತೊಂಬತ್ತು ತುಂಬಿದಾಗ ಅವರಿಗಿದ್ದ ಆಸೆ ಒಂದೇ. ಸಂಜೆ ಯಾರ ಕೈಯನ್ನೂ ಹಿಡಿಯದೆ ಎದುರು ಮನೆಯ ಹಜೀರಾಬೀಯ ಕಟ್ಟೆಗೆ ಹೋಗಿ ಕೂರಬೇಕು. ಹರಿಹರದ ನಮ್ಮ ಓಣಿ ಒಂದು ಎತ್ತಿನ ಗಾಡಿಯಷ್ಟು ಅಗಲ, ಅಷ್ಟೇ. ಆದರೆ ಅತ್ತೆ ಎದ್ದು ನಿಂತರೆ ಸಾಕು, ತಲೆ ಗಿರ್ ಎನ್ನುತ್ತಿತ್ತು. ಯುಗಾದಿ ಕಳೆದ ಮೇಲೆ ಒಮ್ಮೆ ಹೊಸ್ತಿಲ ಹತ್ತಿರವೇ ಬಿದ್ದರು. ಮೂಳೆಗೇನೂ ಆಗಲಿಲ್ಲ. ಆದರೂ ನಮ್ಮ ಯಜಮಾನರು ವೀರೇಶ್ ಅಂದಿನಿಂದ ತಾಯಿಯನ್ನು ಬಾಗಿಲ ಹೊರಗೆ ಬಿಡಲಿಲ್ಲ. ಸಿಮೆಂಟ್ ಅಂಗಡಿಯವರಲ್ಲವೇ, ಯಾವುದನ್ನು ಮುಚ್ಚಿದರೂ ಗಟ್ಟಿಯಾಗಿ ಮುಚ್ಚುತ್ತಾರೆ.

ಹಜೀರಾಬೀಗೆ ಮೊಣಕಾಲು ನೋವು, ಆಕೆಯೂ ಬರುವಂತಿರಲಿಲ್ಲ. ಗೆಳತಿಯರಿಬ್ಬರೂ ಓಣಿಯ ಆ ಕಡೆ ಈ ಕಡೆ ಕಿಟಕಿಯಲ್ಲಿ ನಿಂತು ಕೂಗಿ ಮಾತಾಡುತ್ತಿದ್ದರು. ಇಬ್ಬರಿಗೂ ಕಿವಿ ಮಂದ. ಅವರ ಗುಟ್ಟೆಲ್ಲ ಓಣಿಗೆ ಓಣಿಯೇ ಕೇಳುತ್ತಿತ್ತು. ಅದರಲ್ಲಿ ಅರ್ಧ ನನ್ನ ಅಡುಗೆಯ ಮೇಲಿನ ದೂರು.

ದಾವಣಗೆರೆಗೆ ಕರೆದುಕೊಂಡು ಹೋದೆವು. ಪಿ.ಜೆ. ಬಡಾವಣೆಯ ಡಾಕ್ಟರ್ ಮಾಲತೇಶ್ ನಿಧಾನದ ಮನುಷ್ಯ. ನಾನು ಅತ್ತೆಯ ಚೀಲದಿಂದ ಮಾತ್ರೆಗಳನ್ನೆಲ್ಲ ಅವರ ಮೇಜಿನ ಮೇಲೆ ಸುರಿದೆ. ಬಿಪಿಗೆ ಎರಡು ತರ, ಕೊಲೆಸ್ಟ್ರಾಲಿಗೆ ಒಂದು, ಮಾತ್ರೆ ನುಂಗಿ ಹೊಟ್ಟೆ ಉರಿಯುತ್ತದೆಂದು ಮತ್ತೊಂದು. ಡಾಕ್ಟರು ಅತ್ತೆಯನ್ನು ಮಲಗಿಸಿ ಬಿಪಿ ನೋಡಿದರು, ಎಬ್ಬಿಸಿ ನಿಲ್ಲಿಸಿ ಮತ್ತೆ ನೋಡಿದರು. ಆಮೇಲೆ ನಮ್ಮನ್ನು ಬಿಟ್ಟು ಅತ್ತೆಯನ್ನೇ ಕೇಳಿದರು.

"ಅಜ್ಜಿ, ನಿಮಗೇನು ಬೇಕ್ರಿ?"

"ಹಜೀರಾಬೀ ಕಟ್ಟಿಗೆ ಹೋಗ್ಬೇಕು."

"ಅಷ್ಟೇನಾ?"

"ಸಾರಿಗೆ ಒಂಚೂರು ಉಪ್ಪು ಹಾಕಿದ್ರ ಬ್ಯಾಡ ಅನ್ನಲ್ಲ," ಎಂದು ಅತ್ತೆ ನನ್ನ ಮುಖ ನೋಡಿದರು.

ಡಾಕ್ಟರು ನಕ್ಕು ಯಜಮಾನರ ಕಡೆ ತಿರುಗಿದರು. "ನೋಡ್ರಿ, ಈ ಕೊಲೆಸ್ಟ್ರಾಲ್ ಮಾತ್ರೆ ಮುಂದೆ ಯಾವತ್ತೋ ಬರಬಹುದಾದ ಕಾಯಿಲೆಗೆ ಇವತ್ತೇ ಹಾಕೋ ಬೇಲಿ. ಅದರ ಫಲ ಕಾಣಾಕ ವರ್ಷಗಟ್ಟಲೆ ಬೇಕು. ಬಿಪಿ ಮಾತ್ರೆ ಇವರಿಗೆ ಜಾಸ್ತಿ ಆಗೈತೆ. ನಿಂತ ಕೂಡ್ಲೇ ಬಿಪಿ ಇಳೀತೈತೆ, ಅದಕ್ಕೇ ತಲೆ ತಿರುಗೋದು. ಹತ್ತು ವರ್ಷದ ಮ್ಯಾಲಿನ ಹಾರ್ಟ್ ಅಟ್ಯಾಕ್ ತಪ್ಪಿಸಾಕ ಹೋಗಿ ನಾಳೆ ಬೆಳಿಗ್ಗೆ ಸೊಂಟ ಮುರಿಸೋದಾ? ಕೊಲೆಸ್ಟ್ರಾಲಿಂದು ಬ್ಯಾಡ. ಬಿಪಿದು ಒಂದು ನಿಲ್ಸಿ, ಒಂದು ಇರ್ಲಿ. ಊಟಕ್ಕೆ ಅವರು ಕೇಳಿದ್ದು ಕೊಡ್ರಿ. ಹದಿನೈದು ದಿನ ಬಿಟ್ಟು ಬರ್ರಿ."

ಅತ್ತೆಗೆ ಖುಷಿಯೋ ಖುಷಿ. ಯಜಮಾನರ ಮುಖ ಮಾತ್ರ ಇಳಿದುಹೋಯಿತು. ನಮ್ಮ ಕಡೆ ಡಾಕ್ಟರು ಮುದುಕರ ಮಾತ್ರೆ ನಿಲ್ಲಿಸಿ, ಕೇಳಿದ್ದು ಕೊಡಿ ಎಂದು ಮನೆಗೆ ಕಳಿಸಿದರೆ ಇನ್ನೇನು ಉಳಿದಿಲ್ಲ ಎಂದೇ ಎಲ್ಲರ ಲೆಕ್ಕ. ಹರಿಹರದಲ್ಲಿ ಬಸ್ಸಿಳಿದವರೇ ಎಸ್‌ಟಿಡಿ ಬೂತಿಗೆ ನುಗ್ಗಿ ರಾಣೆಬೆನ್ನೂರಿನ ತಂಗಿಗೆ ಫೋನು ಹಚ್ಚಿದರು.

ನಾದಿನಿಗೆ ಹೇಳುವುದೂ ಊರಿಗೆ ಡಂಗುರ ಹೊಡೆಸುವುದೂ ಒಂದೇ. ಮರುದಿನದಿಂದ ಬ್ರೆಡ್ಡು, ಮೂಸಂಬಿ ಹಿಡಿದ ನೆಂಟರು ಸಾಲುಗಟ್ಟಿದರು. ಬಂದವರೆಲ್ಲ ಅತ್ತೆಯನ್ನು ಏಳಗೊಡದೆ ಮಂಚದ ಮೇಲೇ ಮಲಗಿಸಿ, ಕೈ ಹಿಡಿದು, ನಿಟ್ಟುಸಿರು ಬಿಟ್ಟು, ಅಡುಗೆಮನೆಗೆ ಬಂದು ನನ್ನನ್ನು ಕೇಳುತ್ತಿದ್ದರು, "ಆಸೆ ಇರೋದೆಲ್ಲಾ ಕೊಟ್ರೇನು?" ಅತ್ತೆಯ ಆಸೆಗೇನು ಬರವೇ? ಮೊದಲ ದಿನ ಮಂಡಕ್ಕಿ ಮಿರ್ಚಿ, ಎರಡನೆಯ ದಿನ ಹೋಳಿಗೆ. ಇಷ್ಟು ಬಿಸಿ ಮಿರ್ಚಿ ತಿನ್ನುವ ರೋಗಿಯನ್ನು ಕಂಡು ಅತ್ತ ಅಳುವಂತೆಯೂ ಇಲ್ಲ, ಇತ್ತ ನಗುವಂತೆಯೂ ಇಲ್ಲ, ಪಾಪ ನೆಂಟರು ಕಂಗಾಲು.

ಕೊನೆಗೆ ಯಾರ ಮಾತು ಕೇಳಿಕೊಂಡೋ ಮಠದ ಅಯ್ಯನವರೇ ಕೊನೆಗಾಲದ ವಿಧಿಗೆಂದು ವಿಭೂತಿ ಗಟ್ಟಿ ಸಮೇತ ಬಂದರು. ಅತ್ತೆ ಮಲಗಿದ್ದಲ್ಲಿಂದಲೇ ಕೈ ಮುಗಿದರು.

"ಬರ್ರಿ ಅಯ್ನೋರೆ, ಕೂಡ್ರಿ. ಹೋಳಿಗೆ ಐತೆ, ಉಂಡು ಹೋಗ್ರಿ. ಉಳಿದ ಕೆಲಸಕ್ಕೆ ಅವಸರ ಇಲ್ಲ, ಹೇಳಿ ಕಳಿಸ್ತೀನಿ."

ಅಯ್ಯನವರು ಹೋಳಿಗೆ ಉಂಡು, ತುಪ್ಪ ಇನ್ನಷ್ಟು ಹಾಕಿಸಿಕೊಂಡು ಹೋದರು.

ಇಷ್ಟಾದರೂ ತಲೆ ತಿರುಗುವುದು ಒಂದಿಷ್ಟೂ ಕಡಿಮೆಯಾಗಲಿಲ್ಲ. ಮಾತ್ರೆ ನಿಂತರೂ ಹೀಗೇಕೆ ಎಂದು ನನಗೆ ಚಿಂತೆ ಹತ್ತಿತು. ಒಂದು ಬೆಳಿಗ್ಗೆ ಹಿತ್ತಲಿಂದ ಅಡುಗೆಮನೆಗೆ ಬರುತ್ತೇನೆ, ಮದುವೆಯಾದಾಗಿನಿಂದ ಒಂದು ಲೋಟ ತೊಳೆಯದ ಮನುಷ್ಯ ಚಮಚದಲ್ಲಿ ಏನೋ ಅರೆದು ತಾಯಿಯ ಹಾಲಿಗೆ ಕಲಸುತ್ತಿದ್ದಾರೆ. ನಿಲ್ಲಿಸಿದ ಬಿಪಿ ಮಾತ್ರೆ.

"ಏನ್ರಿ ಇದು? ನಿಮಗೇನು ಬುದ್ಧಿಗಿದ್ಧಿ ಐತೋ ಇಲ್ಲೋ?"

"ನಾಳೆ ಜನ ಏನಂತಾರ ವಾಣಿ? ತಾಯಿ ಮಾತ್ರಿಗೆ ಜಿಪುಣತನ ಮಾಡಿದ ಅಂತಾರ."

"ಜನ ಅಂದ್ಕೊಳ್ಳಿ."

ಅವರು ಚಮಚ ಕೆಳಗಿಟ್ಟರು. "ಜನ ಹೋಗ್ಲಿ ಬಿಡು. ಮಾತ್ರೆ ಕೊಟ್ರ ಅವ್ವನ್ನ ಹಿಡ್ಕೊಂಡಿದೀನಿ ಅನ್ಸತೈತೆ. ಕೊಡದಿದ್ರ ಸುಮ್ನೆ ಕಾಯ್ತಾ ಕುಂತಂಗ ಆಗತೈತೆ."

ಐವತ್ತೆಂಟು ವರ್ಷದ ಗಂಡಸು ಹಾಲಿನ ಲೋಟ ಹಿಡಿದು ನಿಂತದ್ದು ನೋಡಿ ನನಗೆ ಬಹಳ ಸಂಕಟವಾಯಿತು. ಹಾಗೆಂದು ಬಿಡಲಿಲ್ಲ. ಹಾಲನ್ನು ಮೋರಿಗೆ ಚೆಲ್ಲಿ, ತಾಯಿ ಮಗ ಇಬ್ಬರನ್ನೂ ದಾವಣಗೆರೆಗೆ ಹೊರಡಿಸಿದೆ. ಡಾಕ್ಟರ ಮುಂದೆ ಎಲ್ಲವನ್ನೂ ನಾನೇ ಹೇಳಿದೆ.

ಡಾಕ್ಟರು ರೇಗಲಿಲ್ಲ. "ನಾನೂ ಬಿಡಿಸಿ ಹೇಳ್ಬೇಕಿತ್ತು. ಅಜ್ಜಿ ಕೈ ಬಿಟ್ಟಿಲ್ಲ ಕಣ್ರಿ, ಮಾತ್ರೆ ಅಷ್ಟೇ ಬಿಟ್ಟಿದ್ದು," ಎಂದರು. ಆಮೇಲೆ ಯಜಮಾನರ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿದರು.

"ನನಗೇನಾಗೈತ್ರಿ? ಪೇಶೆಂಟು ಅವ್ವ."

ಡಾಕ್ಟರು ಒಮ್ಮೆ ನೋಡಿದರು, ಕೂರಿಸಿ ಮತ್ತೆ ನೋಡಿದರು, ಮರುವಾರ ಕರೆಸಿ ಇನ್ನೊಮ್ಮೆ ನೋಡಿದರು. ಪ್ರತಿ ಸಲವೂ ಬಿಪಿ ಜೋರಾಗಿಯೇ ಇತ್ತು.

"ವೀರೇಶಪ್ಪನೋರೆ, ನಿಮಗೆ ಮುಂದೆ ಇನ್ನೂ ಮೂವತ್ತು ವರ್ಷ ಬಾಳೋದೈತೆ. ಬೇಲಿ ಬೇಕಾಗಿರೋದು ನಿಮಗೆ. ದಿನಾ ಬೆಳಿಗ್ಗೆ ಒಂದು, ತಪ್ಪಿಸ್ಬ್ಯಾಡ್ರಿ."

ತಾಯಿಗೆ ಕದ್ದು ಮಾತ್ರೆ ಕೊಡುತ್ತಿದ್ದವರು ತಮ್ಮ ಮಾತ್ರೆ ಎಂದರೆ ಮೂತಿ ತಿರುಗಿಸತೊಡಗಿದರು. ಇವತ್ತು ಬಾಯಿ ಕಹಿ, ನಾಳೆ ಅಂಗಡಿಗೆ ಲೋಡು ಬರುತ್ತದೆ, ದಿನಕ್ಕೊಂದು ನೆಪ. ಅಷ್ಟರಲ್ಲಿ ಅತ್ತೆಯ ತಲೆ ತಿರುಗುವುದು ನಿಂತಿತ್ತು. ಒಂದು ಬೆಳಿಗ್ಗೆ ಅವರೇ ಗೋಡೆ ಹಿಡಿಯದೆ ನಡೆದು ಬಂದು, ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಮಗನ ಮುಂದೆ ನಿಂತರು.

"ಬಾಯಿ ತೆಗಿ."

"ಇರ್ಲಿ ಬಿಡವ್ವ, ನಾಳೆ ತಗಂತೀನಿ."

"ತಗಳಪ್ಪ. ನನ್ನ ಕಳಿಸಾಕ ನೀನಿರಬೇಕು. ಆ ಕೆಲಸ ನನಗ ಹಚ್ಚಬ್ಯಾಡ."

ಯಜಮಾನರು ಬಾಯಿ ತೆಗೆದರು. ನಾನು ನೀರಿನ ಲೋಟ ಅವರ ಕೈಗಿಟ್ಟು ಒಳಗೆ ಹೋದೆ. ಕಣ್ಣು ಒರೆಸಿಕೊಳ್ಳಬೇಕಿತ್ತು.

ಅಂದು ಸಂಜೆ ಯಜಮಾನರೇ ಬಾಗಿಲು ತೆಗೆದರು. ಅತ್ತೆ ಒಬ್ಬರೇ ಓಣಿ ದಾಟಿದರು. ಹಜೀರಾಬೀ ಸರಿದು ಜಾಗ ಮಾಡಿದಳು. ತಾಯಿ ಕಟ್ಟೆಯ ಮೇಲೆ ಕೂರುವ ತನಕ ಯಜಮಾನರು ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದರು. ಅದು ಕಣ್ಣಿಗೆ ಬಿದ್ದ ಅತ್ತೆ ಅಲ್ಲಿಂದಲೇ ಓಣಿಗೆಲ್ಲ ಕೇಳುವಂತೆ ಕೂಗಿದರು.

"ಒಳಗ ಹೋಗೋ ವೀರೇಶಾ, ಬಿಪಿ ಏರೀತು!"